ಮಂಚೇನಹಳ್ಳಿಯ ಕುಂಕುಮ, ಬೆಂಗಳೂರಿನ ಇಂಕು

ಚಿಕ್ಕಬಳ್ಳಾಪುರದ ಕಡೆಯಿಂದ ಬಂದ ಬಸ್ಸು ಮಂಚೇನಹಳ್ಳಿಯಲ್ಲಿ ನಿಂತರೆ ಜನಕ್ಕಿಂತ ಮುಂಚೆ ಇಳಿಯುವುದು ಬುಟ್ಟಿ, ಚೀಲ, ಗೋಣಿಗಂಟು. ಚೆಂಡುಹೂವಿನ ಹಸಿ ಘಾಟು, ಸೇವಂತಿಗೆಯ ತಂಪು ವಾಸನೆ, ಆಗತಾನೆ ಬಾಣಲೆಗೆ ಬಿದ್ದ ಮೆಣಸಿನಕಾಯಿ ಬಜ್ಜಿಯ ಘಮ, ಇವೆಲ್ಲದರ ಮೇಲೆ ಗೌರಿಬಿದನೂರಿಗೆ ಹೊರಟ ಬಸ್ಸಿನ ಡೀಸೆಲ್ ಹೊಗೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಬೆಲೆ ಕೇಳುವುದು ಒಂದರಲ್ಲಿ, ಚೌಕಾಸಿ ಇನ್ನೊಂದರಲ್ಲಿ. ಬಹುಕಾಲ ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದ ಈ ಊರು ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಗಿದೆ. ಕಚೇರಿ ಬಂದ ಕಡೆ ಅರ್ಜಿ ಬರುತ್ತದೆ, ಅರ್ಜಿ ಬಂದ ಕಡೆ ಜೆರಾಕ್ಸ್ ಅಂಗಡಿ ಬರುತ್ತದೆ, ಜೆರಾಕ್ಸ್ ಅಂಗಡಿಯ ಒಳಮೂಲೆಯಲ್ಲಿ ಒಂದು ಡಿಟಿಪಿ ಕಂಪ್ಯೂಟರು ಇದ್ದೇ ಇರುತ್ತದೆ.

ಅಂಥ ಅಂಗಡಿಯೊಂದರ ಹೊಸ್ತಿಲಲ್ಲಿ ನಿಂತು ನೋಡಿ. ಒಂದೇ ಶಟರಿನ ಅಗಲ. ಬಾಗಿಲಿಗೆ ಮಾವಿನ ತೋರಣ, ಒಳಗೆ ಲ್ಯಾಮಿನೇಷನ್ ಯಂತ್ರದಿಂದ ಹೊಮ್ಮುವ ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಯುದ್ದಕ್ಕೂ ಮದುವೆ ಕಾರ್ಡಿನ ಮಾದರಿಗಳು. ಗಣೇಶ ಉಬ್ಬಿ ನಿಂತ ಕಾರ್ಡು, ಮಂಟಪದ ಕಾರ್ಡು, ನವಿಲುಗರಿಯ ಕಾರ್ಡು, ಎರಡು ಕಡೆ ತೆರೆದರೆ ವಧೂವರರ ಹೆಸರು ಕಾಣುವ ಬಾಗಿಲು ಕಾರ್ಡು. ಟ್ಯೂಬ್‌ಲೈಟಿನ ಬಿಳಿ ಬೆಳಕಿನಲ್ಲಿ ಕೂತ ಆಪರೇಟರ್ ತಲೆ ಎತ್ತದೆ ಟೈಪು ಮಾಡುತ್ತಾನೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕನ್ನಡದ ಕೀಲಿಮಣೆ ಅವನ ಬೆರಳಿಗೆ ಅಭ್ಯಾಸವಾಗಿ ಎಷ್ಟೋ ವರ್ಷವಾಗಿರಬೇಕು. ‘ಜ್ಯೇಷ್ಠ’ ಎಂಬ ಪದ ಕಣ್ಣು ಮುಚ್ಚಿ ತೆರೆಯುವುದರೊಳಗೆ ಪರದೆಯ ಮೇಲೆ ಕೂತಿರುತ್ತದೆ. ನುಡಿ ಅಕ್ಷರ, ಪೇಜ್‌ಮೇಕರ್ ಪುಟ, ಕೋರೆಲ್‌ಡ್ರಾ ಚಿತ್ರ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಕರ್ನಾಟಕದ ಡಿಟಿಪಿ ಅಂಗಡಿಗಳು ಅದನ್ನು ಇನ್ನೂ ಕೈಬಿಟ್ಟಿಲ್ಲ, ಕೈಗೆ ಒಗ್ಗಿದ ಕೆಲಸವನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ಅವನ ಎದುರಿನ ಸ್ಟೂಲಿನ ಮೇಲೆ ಹೆಣ್ಣಿನ ಅಪ್ಪ, ಪಕ್ಕದಲ್ಲಿ ಸೋದರಮಾವ, ಬೆನ್ನ ಹಿಂದೆ ಕಾಲೇಜಿಗೆ ಹೋಗುವ ಹುಡುಗ. ಮದುವೆ ವಿದುರಾಶ್ವತ್ಥದಲ್ಲಿ. ಗಂಡಿನ ಕಡೆಯವರು ಹಿಂದೂಪುರದವರು, ಹಾಗಾಗಿ ಕಾರ್ಡು ಕನ್ನಡದಲ್ಲೂ ಬೇಕು, ತೆಲುಗಿನಲ್ಲೂ ಬೇಕು. ಅಪ್ಪನ ಕೈಯಲ್ಲಿ ಹಿರಿಮಗಳ ಮದುವೆಯ ಹಳೆಯ ಕಾರ್ಡು ಇದೆ. ಅದರ ಅರಿಶಿನ ಸ್ವಲ್ಪ ಮಾಸಿದೆ, ಕುಂಕುಮ ಮಾತ್ರ ಹಾಗೇ ಇದೆ.

“ಇದೇ ಕೆಂಪು ಬರಬೇಕು ಕಣಪ್ಪಾ. ಇದಕ್ಕಿಂತ ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ.”

ಹುಡುಗ ಫೋನು ಮುಂದೆ ಚಾಚುತ್ತಾನೆ. ಬೆಂಗಳೂರಿನ ಡಿಸೈನರ್ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಅದೇ ಕಾರ್ಡಿನ ಚಿತ್ರ. ಅಲ್ಲಿ ಕುಂಕುಮ ಉರಿಯುತ್ತಿದೆ. ಆಪರೇಟರನ ಮಾನಿಟರಿನಲ್ಲಿ ಅದೇ ಕುಂಕುಮ ಸ್ವಲ್ಪ ನೀಲಿಗೆ ತಿರುಗಿ ಮಂಕಾಗಿದೆ.

“ಏನಣ್ಣಾ, ಫೋನಲ್ಲಿ ಹಿಂಗೈತೆ, ನಿಮ್ಮ ಕಂಪ್ಯೂಟರ್‌ನಲ್ಲಿ ಹಂಗೈತೆ?”

“ಎರಡೂ ನಂಬಬೇಡಿ ಯಜಮಾನ್ರೇ,” ಎನ್ನುತ್ತಾನೆ ಆಪರೇಟರ್, ಹುಡುಗನಿಗಲ್ಲ, ಅಪ್ಪನಿಗೆ. “ಪ್ರೆಸ್ಸಿಂದ ಬಂದಾಗ ಮೂರನೇದೊಂದು ಕೆಂಪು ಬತ್ತದೆ.”

ಅವನು ಹೇಳಿದ್ದು ಸತ್ಯ. ಫೋನಿನ ಕೆಂಪು ಬೆಳಕಿನಿಂದ ಆದದ್ದು. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿನ ಕಣಗಳಲ್ಲಿ ಕೆಂಪನ್ನಷ್ಟೇ ಹೊತ್ತಿಸಿ ಅದು ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಈಗಿನ ಫೋನುಗಳಲ್ಲಿ ಬಣ್ಣವನ್ನು ಇದ್ದದ್ದಕ್ಕಿಂತ ಗಾಢಗೊಳಿಸುವ ವ್ಯವಸ್ಥೆ ಬೇರೆ ಇರುತ್ತದೆ. ಕಾರ್ಡಿನ ಕೆಂಪು ಹಾಗಲ್ಲ. ಬಿಳಿ ಕಾಗದದ ಮೇಲೆ ಬಿದ್ದ ಬೆಳಕಿನಲ್ಲಿ ಇಂಕು ತಿಂದು ಬಿಟ್ಟ ಪಾಲು ಅದು. ಮಜೆಂಟಾ ಪೂರ್ತಿ, ಹಳದಿ ಪೂರ್ತಿ, ಒಂದರ ಮೇಲೊಂದು ಬಿದ್ದರೆ ಕುಂಕುಮ. ಫೋನಿನಷ್ಟು ಉರಿಯುವ ಶಕ್ತಿ ಯಾವ ಇಂಕಿಗೂ ಇಲ್ಲ. ಇಷ್ಟು ದೂರದ ಎರಡು ಲೋಕಗಳ ನಡುವೆ ಒಂದೇ ಕೆಂಪನ್ನು ದಾಟಿಸುವ ಕೆಲಸಕ್ಕೆ ಮುದ್ರಣದವರು ‘ಕಲರ್ ಮ್ಯಾನೇಜ್‌ಮೆಂಟ್’ ಅನ್ನುತ್ತಾರೆ. ಸಣ್ಣ ಊರಿನ ಅಂಗಡಿಗಳಿಗೆ ಇದು ತಲುಪಬೇಕಾದಷ್ಟು ತಲುಪಿಲ್ಲ, ಅದೇ ನನಗೆ ಬೇಸರ.

ಫೈಲು ಬೆಂಗಳೂರಿಗೆ ಹೋಗುತ್ತದೆ. ಅದರ ಜೊತೆ ನಾವೂ ಹೋಗೋಣ. ಕಾಟನ್‌ಪೇಟೆ, ಸುಲ್ತಾನ್‌ಪೇಟೆ, ಚಾಮರಾಜಪೇಟೆಯ ಗಲ್ಲಿಗಳಲ್ಲಿ ಆಟೋ ತುಂಬ ಕಾಗದದ ರೀಮು, ತಳ್ಳುಗಾಡಿಯ ಮೇಲೆ ಕಾರ್ಡ್‌ಬೋರ್ಡಿನ ಕಟ್ಟು, ಮೊದಲ ಮಹಡಿಯಿಂದ ಕಟಿಂಗ್ ಮಷೀನಿನ ಧಡ್ ಎಂಬ ಸದ್ದು. ಪ್ರೆಸ್ಸಿನ ಒಳಗೆ ಕಾಲಿಟ್ಟರೆ ಇಂಕಿನ ಎಣ್ಣೆವಾಸನೆ ಮೂಗಿಗೆ ಅಡರುತ್ತದೆ. ಅದರ ಜೊತೆ ರಬ್ಬರ್ ಬ್ಲಾಂಕೆಟ್ ಒರೆಸುವ ದ್ರಾವಣದ ಕಟುವಾಸನೆ. ಆಫ್‌ಸೆಟ್ ಯಂತ್ರ ನಾಲ್ಕು ಕೋಣೆಯ ಉದ್ದನೆಯ ದೇಹ. ಒಂದೊಂದು ಕೋಣೆಯಲ್ಲಿ ಒಂದೊಂದು ಇಂಕು: ಕಪ್ಪು, ಸಯನ್, ಮಜೆಂಟಾ, ಹಳದಿ. ಹಾಳೆ ಒಂದು ತುದಿಯಲ್ಲಿ ಬೋಳಾಗಿ ಹೊಕ್ಕು ಇನ್ನೊಂದು ತುದಿಯಲ್ಲಿ ಗಣೇಶನನ್ನೂ ಮಂಟಪವನ್ನೂ ಹೊತ್ತು ಬರುತ್ತದೆ. ಯಂತ್ರದ ಲಯ ನೆಲದಿಂದ ಹಿಮ್ಮಡಿಗೆ ಏರುತ್ತದೆ, ಎರಡು ನಿಮಿಷ ನಿಂತರೆ ನಿಮ್ಮ ಉಸಿರೂ ಅದಕ್ಕೆ ಹೊಂದಿಕೊಳ್ಳುತ್ತದೆ.

ಮಷೀನ್‌ಮ್ಯಾನ್ ಆಗಾಗ ಒಂದು ಹಾಳೆ ಎಳೆದು ಓರೆಮೇಜಿನ ಮೇಲೆ ಹರಡುತ್ತಾನೆ. ಸಣ್ಣ ಭೂತಗಾಜನ್ನು ಗಣೇಶನ ಕಿರೀಟದ ಮೇಲಿಟ್ಟು ಬಗ್ಗುತ್ತಾನೆ. ನೀವೂ ಬಗ್ಗಿ ನೋಡಿ. ಕಣ್ಣಿಗೆ ನುಣ್ಣಗೆ ಕಂಡ ಚಿನ್ನದ ಬಣ್ಣ ಗಾಜಿನಡಿಯಲ್ಲಿ ಚುಕ್ಕೆಗಳ ರಾಶಿ. ಹಳದಿ ಚುಕ್ಕೆ, ಮಜೆಂಟಾ ಚುಕ್ಕೆ, ಅಲ್ಲೊಂದು ಇಲ್ಲೊಂದು ಕಪ್ಪು. ನುಣುಪಾದ ಆರ್ಟ್ ಪೇಪರಿನ ಮೇಲೆ ಒಂದು ಅಂಗುಲಕ್ಕೆ 150ರಿಂದ 175 ಸಾಲು ಚುಕ್ಕೆ ಕೂರುತ್ತವೆ. ದಿನಪತ್ರಿಕೆಯ ಒರಟು ಕಾಗದ ಇಂಕನ್ನು ಹೀರಿ ಚುಕ್ಕೆಯನ್ನು ಹಿಗ್ಗಿಸುತ್ತದಾದ್ದರಿಂದ ಅಲ್ಲಿ ಸಾಲು ಸುಮಾರು 100ಕ್ಕೆ ಇಳಿಯುತ್ತದೆ. ಒಂದೇ ಫೈಲು ಎರಡು ಕಾಗದದಲ್ಲಿ ಎರಡು ಬಣ್ಣವಾಗುವುದು ಈ ಹಿಗ್ಗುವಿಕೆಯಿಂದ. ಇಂಕು ಹಸಿಯಾಗಿದ್ದಾಗ ಒಂದು ಹೊಳಪು, ಒಣಗಿದ ಮೇಲೆ ಇನ್ನೊಂದು. ಇದನ್ನೆಲ್ಲ ಲೆಕ್ಕ ಹಾಕಿ ಇಂಕಿನ ಕೀಲಿಯನ್ನು ಕೂದಲೆಳೆಯಷ್ಟು ತಿರುಗಿಸುವ ಆ ಮನುಷ್ಯನ ಕಣ್ಣಿನ ಬಗ್ಗೆ ನನಗೆ ಬಹಳ ಗೌರವ. ಆದರೆ ತನಗೆ ಬಂದು ತಲುಪಿದ ಫೈಲೇ ತಪ್ಪು ಬಣ್ಣ ಹೇಳುತ್ತಿದ್ದರೆ ಅವನಾದರೂ ಏನು ಮಾಡಬೇಕು?

ಫೈಲಿನೊಳಗೆ ಬಣ್ಣ ಇರುವುದಿಲ್ಲ, ಅಂಕಿಗಳಿರುತ್ತವೆ. ಕೆಂಪು 255, ಹಸಿರು 0, ನೀಲಿ 0 ಎಂದರೆ ‘ನಿನ್ನಲ್ಲಿರುವ ಕೆಂಪನ್ನು ಪೂರ್ತಿ ಹೊತ್ತಿಸು’ ಎಂದಷ್ಟೇ ಅರ್ಥ. ಯಾವ ಕೆಂಪು ಎಂದು ಅದು ಹೇಳುವುದಿಲ್ಲ. ಹುಡುಗನ ಫೋನು ತನ್ನ ಕೆಂಪನ್ನು ಹೊತ್ತಿಸಿತು, ಮಂಚೇನಹಳ್ಳಿಯ ಮಾನಿಟರು ತನ್ನದನ್ನು, ಬೆಂಗಳೂರಿನ ಡಿಸೈನರ್ ಮುಂದಿನ ಮ್ಯಾಕ್ ಪರದೆ ತನ್ನದನ್ನು. ಮೂರೂ ಆಜ್ಞೆ ಪಾಲಿಸಿದವು, ಮೂರೂ ಬೇರೆ ಬೇರೆ ಕಂಡವು.

ಹಾಗಾದರೆ ಬಣ್ಣಕ್ಕೆ ಯಂತ್ರವನ್ನು ಮೀರಿದ ಅಳತೆಗೋಲು ಯಾವುದು? ಮನುಷ್ಯನ ಕಣ್ಣೇ. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ ಎಂಬವರು 10 ಮಂದಿಯನ್ನೂ ಜಾನ್ ಗಿಲ್ಡ್ ಎಂಬವರು 7 ಮಂದಿಯನ್ನೂ ಕೂರಿಸಿ, ಬೆಳಕಿಗೆ ಬೆಳಕು ಹೊಂದಿಸಿ ನೋಡುವಂತೆ ಹೇಳಿ, ಒಬ್ಬೊಬ್ಬರ ಕಣ್ಣು ಯಾವ ಬೆರಕೆಯನ್ನು ‘ಎರಡೂ ಒಂದೇ’ ಎನ್ನುತ್ತದೆಂದು ಬರೆದುಕೊಂಡರು. ಆ 17 ಮಂದಿಯ ಸರಾಸರಿ ಕಣ್ಣೇ 1931ರಲ್ಲಿ ಅಂತರರಾಷ್ಟ್ರೀಯ ಮಾನವಾಯಿತು. 1976ರಲ್ಲಿ ಅದನ್ನು ತಿದ್ದಿ, ಎರಡು ಬಣ್ಣಗಳ ಅಂತರ ಕಣ್ಣಿಗೆ ಎಷ್ಟು ಕಂಡೀತೆಂದು ಅಂಕಿಯಲ್ಲಿ ಹೇಳಬಲ್ಲ ‘ಲ್ಯಾಬ್’ ಎಂಬ ಇನ್ನೊಂದು ಲೆಕ್ಕ ಬಂತು. ನಮ್ಮ ಹೆಣ್ಣಿನ ಅಪ್ಪ ಕೇಳುವ ಕುಂಕುಮವನ್ನು ಇಂದಿಗೂ ಅಳೆಯುವುದು, ಅವನ ಹುಟ್ಟಿಗೂ ಮುಂಚಿನ, ಹೆಸರೇ ಗೊತ್ತಿಲ್ಲದ ಆ ಹದಿನೇಳು ಜೊತೆ ಕಣ್ಣುಗಳು.

ಈ ಅಳತೆಯನ್ನು ಕಂಪ್ಯೂಟರಿಗೆ ತಂದದ್ದು 1993ರ ಮಾತು. ಅಡೋಬಿ, ಆಗ್ಫಾ, ಆಪಲ್, ಕೊಡಾಕ್, ಮೈಕ್ರೊಸಾಫ್ಟ್ ಸೇರಿ 8 ಕಂಪನಿಗಳು ಒಂದೆಡೆ ಕೂತು ಐಸಿಸಿ ಎಂಬ ಒಕ್ಕೂಟ ಮಾಡಿಕೊಂಡವು. ಅವರು ಒಪ್ಪಿದ ವಿಷಯ ಸರಳವಾದದ್ದು. ಪ್ರತಿ ಪರದೆಗೂ ಪ್ರತಿ ಮುದ್ರಣಯಂತ್ರಕ್ಕೂ ‘ಪ್ರೊಫೈಲ್’ ಎಂಬ ಒಂದು ಕೋಷ್ಟಕ ಇರಲಿ; ತನ್ನ ಇಂಥ ಅಂಕಿಗೆ ಮನುಷ್ಯನ ಕಣ್ಣಿಗೆ ಕಾಣುವ ಬಣ್ಣ ಇಂಥದ್ದು ಎಂದು ಅದರಲ್ಲಿ ಬರೆದಿರಲಿ; ಫೈಲಿನ ಜೊತೆ ಆ ಕೋಷ್ಟಕವೂ ಪ್ರಯಾಣ ಮಾಡಲಿ. ತಲುಪಿದ ಕಡೆಯ ಯಂತ್ರ ಅದನ್ನು ಓದಿ, ತನ್ನ ಕೋಷ್ಟಕವನ್ನೂ ನೋಡಿ, ಅಂಕಿಯನ್ನು ಬದಲಿಸಿಕೊಂಡು ಬಣ್ಣವನ್ನು ಉಳಿಸುತ್ತದೆ.

ಒಪ್ಪಂದವಾದ ಮಾತ್ರಕ್ಕೆ ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. ಆಪಲ್‌ನವರು ಕಲರ್‌ಸಿಂಕ್ ಎಂಬ ವ್ಯವಸ್ಥೆಯನ್ನು ತಮ್ಮ ಯಂತ್ರದ ಬುಡದಲ್ಲೇ ಇಟ್ಟರು. ವಿಂಡೋಸ್ 95ರಲ್ಲಿ ಮೈಕ್ರೊಸಾಫ್ಟ್ ತನ್ನದೊಂದನ್ನು ತಂದಿತಾದರೂ ಬಣ್ಣ ಸರಿಪಡಿಸುವ ಹೊಣೆಯನ್ನು ಬಹುಪಾಲು ಆಯಾ ತಂತ್ರಾಂಶಕ್ಕೇ ಬಿಟ್ಟಿತು. ಹಾಗಾಗಿ ಒಂದೇ ಕಂಪ್ಯೂಟರಿನಲ್ಲಿ ಫೋಟೊಶಾಪ್ ತೋರಿಸುವ ಕೆಂಪು, ಚಿತ್ರ ನೋಡುವ ಮಾಮೂಲಿ ಕಿಟಕಿಯ ಕೆಂಪಿಗಿಂತ ಬೇರೆಯಾಗುವುದುಂಟು. ಲಿನಕ್ಸ್ ಲೋಕದಲ್ಲಿ ಮಾರ್ಟಿ ಮಾರಿಯಾ, ಗ್ರೇಮ್ ಗಿಲ್ ಅವರಂಥವರು ವರ್ಷಗಟ್ಟಲೆ ದುಡಿದು ಲಿಟಲ್ ಸಿಎಂಎಸ್, ಆರ್ಗಿಲ್ ಎಂಬ ಉಚಿತ ಸಾಧನಗಳನ್ನು ಕೊಟ್ಟರು. ಆಂಡ್ರಾಯ್ಡ್ ಫೋನುಗಳಿಗೆ ಈ ವಿದ್ಯೆ ಬಂದದ್ದು 2017ರಲ್ಲಿ, 8ನೇ ಆವೃತ್ತಿಯಲ್ಲಿ. ಇನ್ನು ಮ್ಯಾಕ್ ಮತ್ತು ವಿಂಡೋಸ್ ನಡುವಿನ ಹಳೆಯ ಜಗಳವೊಂದನ್ನು ಹಳೆಯ ಡಿಸೈನರುಗಳು ಈಗಲೂ ನೆನೆಯುತ್ತಾರೆ. ಮಧ್ಯದ ಬಣ್ಣಗಳನ್ನು ಎಷ್ಟು ತಿಳಿಯಾಗಿಸಬೇಕೆಂಬ ‘ಗಾಮಾ’ ಎಂಬ ಅಂಕಿ ಮ್ಯಾಕ್‌ನಲ್ಲಿ 1.8, ವಿಂಡೋಸ್‌ನಲ್ಲಿ 2.2. ಮ್ಯಾಕ್‌ನಲ್ಲಿ ಹದವಾಗಿ ಕಂಡ ಮದುಮಗಳ ಮುಖ ವಿಂಡೋಸ್‌ಗೆ ಬಂದರೆ ಕಪ್ಪಾಗುತ್ತಿತ್ತು. 2009ರಲ್ಲಿ ಆಪಲ್ ತಾನೂ 2.2ಕ್ಕೆ ಬಂದ ಮೇಲೆ ಅದು ನಿಂತಿತು.

ಮಂಚೇನಹಳ್ಳಿಯ ಆಪರೇಟರನಿಗೆ ಇದೆಲ್ಲ ಹೊಸದೇ? ಅಕ್ಷರದ ವಿಷಯದಲ್ಲಿ ಅವನು ಇದನ್ನು ಚೆನ್ನಾಗಿ ಬಲ್ಲ. ನುಡಿ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಫೈಲು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಯಾರಾದರೂ ಕೂಡಲೇ ಫೋನು ಮಾಡುತ್ತಾರೆ, “ಅಣ್ಣಾ, ಫಾಂಟ್ ಕಳಿಸ್ಲಿಲ್ಲ ನೀನು.” ಪ್ರೊಫೈಲ್ ಇಲ್ಲದ ಚಿತ್ರದ ಗುಣ ಬೇರೆ. ಅದು ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ಗಣೇಶ ಗಣೇಶನಂತೆಯೇ ಕಾಣುತ್ತಾನೆ, ಕುಂಕುಮ ಕೆಂಪಾಗಿಯೇ ಇರುತ್ತದೆ. ಎಲ್ಲೋ ಒಂದು ಛಾಯೆ ಜಾರಿರುತ್ತದೆ, ಅದು ಗೊತ್ತಾಗುವಾಗ ಸಾವಿರ ಕಾರ್ಡು ಅಚ್ಚಾಗಿ ಕಟ್ಟು ಕಟ್ಟಿರುತ್ತದೆ. ಕೆಟ್ಟ ಅಕ್ಷರ ಕೂಗುತ್ತದೆ, ಕೆಟ್ಟ ಬಣ್ಣ ಬಾಯಿ ಬಿಡುವುದಿಲ್ಲ. ಅದಕ್ಕೇ ಇದರ ಮೇಲೆ ಹೆಚ್ಚು ನಿಗಾ ಬೇಕು ಎನ್ನುತ್ತೇನೆ.

ಅಕ್ಷರ ಮತ್ತು ಬಣ್ಣ ಎರಡೂ ಕೂಡುವ ಜಾಗವೊಂದಿದೆ, ಕನ್ನಡದವರು ಅದನ್ನು ಬಿಡದೆ ತಿಳಿಯಬೇಕು. ಪರದೆಯ ಕಪ್ಪನ್ನು ಹಾಗೇ ಮುದ್ರಣದ ಬಣ್ಣಕ್ಕೆ ಬದಲಿಸಿದರೆ ಅದು ಕಪ್ಪು ಇಂಕೊಂದೇ ಆಗಿ ಉಳಿಯುವುದಿಲ್ಲ, ನಾಲ್ಕು ಇಂಕಿನ ಬೆರಕೆಯಾಗುತ್ತದೆ. ಇಂಕಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಸಣ್ಣಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತದೆ. ದಪ್ಪಕ್ಷರಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ. ನಮ್ಮ ಒತ್ತಕ್ಷರಗಳು, ಅರ್ಕಾವೊತ್ತು, ‘ಕೃ’ದ ಕೆಳಗಿನ ಸುಳಿ ಮುಚ್ಚಿಯೇ ಹೋಗುತ್ತವೆ. ಮ್ಯಾಟರ್ ಪೂರ್ತಿ ಕಪ್ಪು ಇಂಕೊಂದರಲ್ಲೇ ಇರಬೇಕೆಂದು ಅನುಭವಿಗಳು ಹಠ ಹಿಡಿಯುವುದು ಇದಕ್ಕೆ. ಗಡಿಸೀಮೆಯ ನಮ್ಮ ಕಡೆ ಇದಕ್ಕೆ ಇನ್ನೊಂದು ಲಾಭವೂ ಇದೆ. ಚಿತ್ರದ ಮೂರು ಬಣ್ಣದ ಪ್ಲೇಟುಗಳು ಹಾಗೇ ಇರಲಿ, ಕಪ್ಪಿನ ಪ್ಲೇಟನ್ನು ಮಾತ್ರ ಬದಲಿಸಿದರೆ ಕನ್ನಡದ ಕಾರ್ಡಿನ ಹಿಂದೆಯೇ ತೆಲುಗಿನ ಕಾರ್ಡೂ ಅದೇ ಕುಂಕುಮ, ಅದೇ ಅರಿಶಿನದಲ್ಲಿ ಇಳಿಯುತ್ತದೆ. ಮ್ಯಾಟರು ನಾಲ್ಕು ಬಣ್ಣದ ಕಪ್ಪಾಗಿದ್ದರೆ ನಾಲ್ಕೂ ಪ್ಲೇಟು ಹೊಸದಾಗಿ ಮಾಡಬೇಕು, ಖರ್ಚು ಹೆಣ್ಣಿನ ಅಪ್ಪನ ತಲೆಗೆ. 1949ರಿಂದ ಕನ್ನಡದಲ್ಲಿ ಬಂದ ಮಕ್ಕಳ ಮಾಸಪತ್ರಿಕೆ ಚಂದಮಾಮ, ಅದಕ್ಕೂ ಎರಡು ವರ್ಷ ಮುಂಚೆ ತೆಲುಗಿನಲ್ಲಿ ಶುರುವಾಗಿತ್ತು. ಎರಡನ್ನೂ ಓದಿ ಬೆಳೆದ ಮನೆಗಳು ಈ ಸೀಮೆಯಲ್ಲಿ ಇದ್ದವು. ಭಾಷೆ ಬೇರೆ, ಚಿತ್ರ ಒಂದೇ ಎಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ್ದೇನಲ್ಲ.

ಕೆಲವು ಬಣ್ಣಗಳನ್ನು ಯಾವ ಪ್ರೊಫೈಲೂ ಕಾಗದಕ್ಕೆ ಪೂರ್ತಿ ದಾಟಿಸಲಾರದು, ಅದನ್ನೂ ಮುಚ್ಚಿಡದೆ ಗಿರಾಕಿಗೆ ಹೇಳಬೇಕು. ಬಸ್ಸಿನಿಂದ ಇಳಿಯುವ ಚೆಂಡುಹೂವಿನ ಕಿತ್ತಳೆ ಪರದೆಯಲ್ಲಿ ಝಗಝಗಿಸುತ್ತದೆ, ನಾಲ್ಕು ಇಂಕಿನಲ್ಲಿ ಒಂದು ಮೆಟ್ಟಿಲು ಇಳಿದೇ ಇಳಿಯುತ್ತದೆ. ಗಿಳಿಹಸಿರಿನದೂ ಅದೇ ಕತೆ. ಪರದೆಯ ಶುದ್ಧ ನೀಲಿಯಲ್ಲಿ ಕೃಷ್ಣನನ್ನು ಬರೆದರೆ ಅಚ್ಚಿನಲ್ಲಿ ಬದನೆಕಾಯಿ ಬಣ್ಣದ ಕೃಷ್ಣ ಬರುತ್ತಾನೆ. ಸಯನ್‌ಗಿಂತ ಮಜೆಂಟಾವನ್ನು ನೂರಕ್ಕೆ ಮೂವತ್ತರಷ್ಟಾದರೂ ಕಡಿಮೆ ಇಟ್ಟರೆ ನೀಲಿ ನೀಲಿಯಾಗಿ ಉಳಿಯುತ್ತದೆ. ನವೆಂಬರ್ ಬಂತೆಂದರೆ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ ಊರೂರಿನ ಪೋಸ್ಟರಿನಲ್ಲಿ ಹಾರುತ್ತದೆ. ಅದರ ಅರಿಶಿನದೊಳಗೆ ಸಯನ್ ಒಂದಿಷ್ಟು ನುಸುಳಿದರೆ ಹಳದಿ ಹಸಿರುಗಟ್ಟುತ್ತದೆ, ಮಜೆಂಟಾ ಹೆಚ್ಚಿದರೆ ಕಿತ್ತಳೆಯಾಗುತ್ತದೆ. ಒಂದೇ ಬೀದಿಯಲ್ಲಿ ಮೂರು ಹಳದಿಯ ಬಾವುಟ ಕಂಡಾಗ ನನಗೆ ನೋವಾಗುತ್ತದೆ. ಹೂವಿನ ಬಣ್ಣ ಕಣ್ಣಿಗೆ ಹೇಗೆ ಅಷ್ಟು ಗಾಢವಾಗಿ ಕಾಣುತ್ತದೆಂದು ಬೆಂಗಳೂರಿನಲ್ಲಿ ಕೂತು ಕೊನೆಗಾಲದಲ್ಲೂ ತಲೆಕೆಡಿಸಿಕೊಂಡವರು ಸಿ.ವಿ. ರಾಮನ್, 1968ರಲ್ಲಿ ದೃಷ್ಟಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಬಣ್ಣವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ನಡೆದಾಡಿದ ಸೀಮೆ ಇದು.

ನೋಡುವ ಬೆಳಕು ಬದಲಾದರೆ ಬಣ್ಣವೂ ಬದಲಾಗಿ ಕಾಣುತ್ತದೆ ಎಂಬುದು ಮನೆಯ ಹೆಂಗಸರಿಗೆ ಬಹಳ ಹಿಂದಿನಿಂದ ಗೊತ್ತು. ಸೀರೆ ಅಂಗಡಿಯಲ್ಲಿ ಅಜ್ಜಿ ಸೀರೆಯ ಸೆರಗು ಹಿಡಿದು ಬಾಗಿಲಿಗೆ ಬಂದು ಬಿಸಿಲಿನಲ್ಲಿ ನೋಡದೆ ದುಡ್ಡು ಕೊಡುವುದಿಲ್ಲ. ಮುದ್ರಣದಲ್ಲೂ ಅದೇ ನಿಯಮ. ಪ್ರೂಫ್ ನೋಡಲು 5000 ಕೆಲ್ವಿನ್ ಬೆಳಕು ಇರಬೇಕೆಂದು ಅಂತರರಾಷ್ಟ್ರೀಯ ಮಾನವೇ ಇದೆ. ಅಂಗಡಿಯ ಟ್ಯೂಬ್‌ಲೈಟು ಅದಕ್ಕಿಂತ ನೀಲಿ, ಮನೆಯ ಹಳದಿ ಬಲ್ಬು ಅದಕ್ಕಿಂತ ಕೆಂಪು.

ದುಬಾರಿ ಯಂತ್ರಗಳಿಲ್ಲದೆಯೂ ಬಣ್ಣ ಹೊಂದಿಸುವ ಈ ಕೆಲಸ ಬಹುಪಾಲು ಆಗುತ್ತದೆ. ಪರದೆಯ ಮೇಲೆ ಕೂರಿಸಿ ಬಣ್ಣ ಅಳೆಯುವ ಅಂಗೈಯಗಲದ ಕಲರಿಮೀಟರ್ ಎಂಬ ಸಾಧನವಿದೆ. ನಾಲ್ಕು ಅಂಗಡಿಯವರು ಸೇರಿ ಒಂದನ್ನು ಕೊಂಡು ತಿಂಗಳಿಗೊಮ್ಮೆ ಕೈ ಬದಲಿಸಿದರೂ ಸಾಕು. ಅದಕ್ಕೆ ಬೇಕಾದ ಆರ್ಗಿಲ್, ಡಿಸ್‌ಪ್ಲೇಕ್ಯಾಲ್ ತಂತ್ರಾಂಶಗಳು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ, ಕಾಸು ಕೊಡಬೇಕಿಲ್ಲ. ಕೆಲಸ ಶುರು ಮಾಡುವ ಮುಂಚೆ ಪ್ರೆಸ್ಸಿನವರನ್ನು ಅವರ ಕಾಗದಕ್ಕೂ ಯಂತ್ರಕ್ಕೂ ಹೊಂದುವ ಪ್ರೊಫೈಲ್ ಯಾವುದೆಂದು ಕೇಳಿ ತರಿಸಿಕೊಂಡರೆ ಅಚ್ಚಿನ ಬಣ್ಣ ಹೇಗೆ ಬಂದೀತೆಂದು ಪರದೆಯಲ್ಲೇ ಅಂದಾಜಿಸಬಹುದು. ಕಳಿಸುವ ಫೈಲನ್ನು ಮುದ್ರಣಕ್ಕೆಂದೇ ರೂಪಿಸಿದ ಪಿಡಿಎಫ್‌-ಎಕ್ಸ್ ಬಗೆಯಲ್ಲಿ ಉಳಿಸಿದರೆ ಫಾಂಟೂ ಪ್ರೊಫೈಲೂ ಒಳಗೇ ಕೂತು ಹೋಗುತ್ತವೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆ ಇದೆ, ಮಣಿಪಾಲದಲ್ಲಿ ಮುದ್ರಣದ ಎಂಜಿನಿಯರಿಂಗ್ ಕಲಿಸಿದ ಪರಂಪರೆ ಇದೆ. ಅಲ್ಲಿಯ ಮೇಷ್ಟರುಗಳು ತಾಲ್ಲೂಕು ಕೇಂದ್ರಗಳಿಗೆ ಬಂದು, ಡಿಟಿಪಿ ಹುಡುಗರನ್ನು ಎರಡು ದಿನ ಕೂರಿಸಿ, ಕನ್ನಡದಲ್ಲೇ ಇದನ್ನು ಹೇಳಿಕೊಟ್ಟರೆ ದೊಡ್ಡ ಉಪಕಾರವಾದೀತು. ಅಕ್ಷರ ಜೋಡಣೆಯನ್ನು ಯಾವ ಕಾಲೇಜೂ ಹತ್ತದೆ ಕಲಿತವರು ಅವರು, ಬಣ್ಣವನ್ನೂ ಕಲಿಯುತ್ತಾರೆ.

ಕಾರ್ಡು, ಪುಸ್ತಕ, ಪೋಸ್ಟರು ಏನನ್ನೇ ಅಚ್ಚಿಗೆ ಕೊಡುವವರಲ್ಲಿ ನನ್ನದೊಂದು ಕೋರಿಕೆ. ಫೋನಿನಲ್ಲಿ ನೋಡಿ ‘ಓಕೆ’ ಎಂದು ಕಳಿಸಬೇಡಿ. ಕಾಗದದ ಮೇಲಿನ ಪ್ರೂಫ್ ಕೇಳಿ, ಅದಕ್ಕೆ ತಗಲುವ ಖರ್ಚಿಗೆ ಕೈ ಹಿಂದೆಗೆಯಬೇಡಿ. ಹಗಲು ಬೆಳಕಿನಲ್ಲಿ ಅದನ್ನು ಹಿಡಿದು ನೋಡಿ, ಒಪ್ಪಿದರೆ ರುಜು ಹಾಕಿ, ರುಜು ಹಾಕಿದ ಒಂದು ಪ್ರತಿ ಪ್ರೆಸ್ಸಿನಲ್ಲಿರಲಿ, ಇನ್ನೊಂದು ನಿಮ್ಮ ಹತ್ತಿರವೇ ಇರಲಿ.